ಕಾವೇರಿಯ ವಿದ್ಯುತ್ತೂ ಓಮನ ತ್ರೈರಾಶಿಕವೂ

ಮೈಸೂರು ಸಂಸ್ಥಾನದ ಅರ್ವಾಚೀನ ಚರಿತ್ರೆಯನ್ನು ಬರೆದವರಲ್ಲಿ ಶಿವನಸಮುದ್ರದ ವಿದ್ಯುದಾಗಾರವನ್ನು ಪ್ರಶಂಸಿಸದವರು ವಿರಳ. 1902ನೆಯ ಇಸವಿ ಜೂನ್ ತಿಂಗಳ 30ನೆಯ ತಾರೀಖು, ಕಾವೇರಿಯ ಜಲಪಾತದ ಬಳಿ ಹುಟ್ಟಿದ ವಿದ್ಯುತ್ತು 92 ಮೈಲಿಗಳ ತಂತಿಯನ್ನು ಹಾದು ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. ಇದನ್ನು ವರ್ಣಿಸುವಾಗ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನೂ, ಮದ್ದೂರಿನ ರೈಲು ನಿಲ್ದಾಣದಿಂದ ಭಾರಿಯಾದ ಯಂತ್ರಭಾಗಗಳನ್ನು ಎತ್ತುಗಳೂ ಆನೆಗಳೂ ಎಳೆದು ತಂದ ಸಾಹಸವನ್ನೂ ಹೇಳುವುದು ವಾಡಿಕೆ. ಅವೆರಡೂ ಹೇಳತಕ್ಕ ಸಂಗತಿಗಳೇ ಸರಿ. ಆದರೆ ಆ ಕಾರ್ಯವು ದೂರದೃಷ್ಟಿಯೊಂದರಿಂದಲೇ ಆಗುವಂಥದಾಗಿರಲಿಲ್ಲ. ಆನೆಯ ಬಲದಿಂದಂತೂ ಅಲ್ಲವೇ ಅಲ್ಲ. ಅದಕ್ಕೆ ಒಂದು ಸಣ್ಣ ಲೆಕ್ಕವು ಸರಿಬರಬೇಕಾಗಿದ್ದಿತು. ಅದು ತಪ್ಪಿದ್ದರೆ ಬೊಕ್ಕಸದ ಹಣವೆಲ್ಲ ತಂತಿಯುದ್ದಕ್ಕೂ ಕಾವಾಗಿ ಕರಗಿಹೋಗುತ್ತಿದ್ದಿತು.

ಆ ಲೆಕ್ಕವು ಎಂಜಿನಿಯರುಗಳ ಸೊತ್ತೆಂದು ಗೃಹಸ್ಥರು ಅದನ್ನು ದೂರವಿಡುವುದುಂಟು. ಹಾಗೆ ದೂರವಿಡುವುದು ಈಗ ಸಾಧ್ಯವಿಲ್ಲ. ನೆಲಮಂಗಲದ ಮಗ್ಗುಲಲ್ಲಿ, ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಸಮೀಪದಲ್ಲಿರುವ ಅರಿಶಿನಕುಂಟೆಯಂಥ ಊರುಗಳಲ್ಲಿ ‘ವೋಲ್ಟೇಜ್ ಇಲ್ಲ’ ಎಂಬ ಮಾತನ್ನು ಆಡದ ಮನೆ ಇಲ್ಲ, ‘ಮೋಟಾರು ಸುಟ್ಟಿತು’ ಎಂಬ ಮಾತನ್ನು ಕೇಳದ ತೋಟವಿಲ್ಲ. ಈ ಎರಡು ಮಾತುಗಳಿಗಿರುವ ಸಂಬಂಧವೇ ಶಿವನಸಮುದ್ರದ ತಂತಿಗೂ ಕೋಲಾರದ ಚಿನ್ನಕ್ಕೂ ಇದ್ದ ಸಂಬಂಧ. ಆದುದರಿಂದ ಆ ಲೆಕ್ಕವು ಎಲ್ಲಿ ಹುಟ್ಟಿತು, ಯಾರಿಂದ ಹುಟ್ಟಿತು, ಕನ್ನಡ ನಾಡಿಗೆ ಹೇಗೆ ಬಂದಿತು ಎಂಬುದನ್ನು ಕ್ರಮವಾಗಿ ತಿಳಿಯುವುದು ಉಚಿತ.

ಕುಂಟೆಯ ನೀರಿನ ದೃಷ್ಟಾಂತದಿಂದ ತೊಡಗಬಹುದು. ಕುಂಟೆಯೆಂದರೆ ಸಣ್ಣ ಕೆರೆಯೆಂಬುದು ಬಯಲುಸೀಮೆಯವರಿಗೆ ಹೇಳಬೇಕಾದುದಿಲ್ಲ. ಅದರ ತೂಬನ್ನು ತೆರೆದರೆ ನೀರು ಹರಿಯುವುದಷ್ಟೆ. ಆ ಹರಿವು ಎರಡು ಸಂಗತಿಗಳನ್ನು ಅವಲಂಬಿಸಿರುತ್ತದೆ. ಮೇಲೆ ನಿಂತ ನೀರಿನ ಎತ್ತರ ಹೆಚ್ಚಿದಂತೆ ಹರಿವು ಬಿರುಸಾಗುತ್ತದೆ. ಕಾಲುವೆ ಇಕ್ಕಟ್ಟಾಗಿ ಕಲ್ಲುಕಸಗಳಿಂದ ತುಂಬಿದ್ದರೆ ಹರಿವು ಕುಗ್ಗುತ್ತದೆ. ವಿದ್ಯುತ್ತಿನಲ್ಲಿ ನೀರಿನ ಎತ್ತರಕ್ಕೆ ಸಮಾನವಾದುದು ಒತ್ತಡ. ಅದರ ಮಾನ ವೋಲ್ಟು. ಹರಿವಿಗೆ ಸಮಾನವಾದುದು ಪ್ರವಾಹ; ಅದರ ಮಾನ ಆಂಪೇರು. ಕಾಲುವೆಯ ಇಕ್ಕಟ್ಟಿಗೆ ಸಮಾನವಾದುದು ರೋಧ. ಅದರ ಮಾನ ಓಮು. ಹರಿದ ನೀರು ರಾಟೆಯೊಂದನ್ನು ತಿರುಗಿಸಿದರೆ, ಒಂದು ಕ್ಷಣದಲ್ಲಿ ಆದ ಕೆಲಸವೆಷ್ಟು ಎಂಬುದನ್ನು ನೀರಿನ ಎತ್ತರವನ್ನೂ ಹರಿವನ್ನೂ ಗುಣಿಸಿ ತಿಳಿಯುತ್ತಾರೆ. ವಿದ್ಯುತ್ತಿನಲ್ಲಿಯೂ ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ದೊರೆಯುವುದು ಸಾಮರ್ಥ್ಯ. ಅದರ ಮಾನ ವ್ಯಾಟು. ಉಪಮಾನವು ಎಲ್ಲ ಅಂಶಗಳಲ್ಲಿಯೂ ಹೊಂದುವುದಿಲ್ಲವೆಂಬುದನ್ನು ಅಲಂಕಾರಶಾಸ್ತ್ರವನ್ನು ಬಲ್ಲವರು ತಾವೇ ಊಹಿಸುವರು. ಇಷ್ಟು ಅಂಶಗಳಲ್ಲಿ ಮಾತ್ರ ಅದು ಚೆನ್ನಾಗಿ ಹೊಂದುತ್ತದೆ.

ಒತ್ತಡ, ಪ್ರವಾಹ, ರೋಧಗಳ ಈ ಸಂಬಂಧವನ್ನು ಮೊದಲು ಕಂಡವನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷನೆಂದು ಹೇಳಬೇಕು. ಅವನು ಮಿತಭಾಷಿ, ಜನಸಂಗವನ್ನು ಸಹಿಸದವನು, ಮಹಾ ಧನಿಕ. ಪ್ರವಾಹವನ್ನು ಅಳೆಯುವ ಉಪಕರಣವು ಆ ಕಾಲದಲ್ಲಿ ಇರಲಿಲ್ಲ. ಹೀಗಿರಲು ಅವನು ಉಪ್ಪುನೀರು ತುಂಬಿದ ಗಾಜಿನ ಕೊಳವೆಗಳ ಮೂಲಕ ವಿದ್ಯುತ್ತನ್ನು ಹರಿಯಿಸಿ, ಅದನ್ನು ತನ್ನ ದೇಹಕ್ಕೇ ತಗುಲಿಸಿಕೊಂಡು, ಉಂಟಾದ ಆಘಾತದ ತಾರತಮ್ಯದಿಂದ ಪ್ರವಾಹವನ್ನು ಅಳೆದನು! 1781ರ ವೇಳೆಗೆ ಅವನಿಗೆ ನಿಯಮವು ಸಿಕ್ಕಿದ್ದಿತು. ಆದರೆ ಅದನ್ನು ಅವನು ಪ್ರಕಟಿಸಲಿಲ್ಲ. ಅವನ ಕೈಬರಹಗಳನ್ನು ಪರಿಷ್ಕರಿಸಿ 1879ರಲ್ಲಿ ಅಚ್ಚು ಹಾಕಿಸಿದವನು ಮ್ಯಾಕ್ಸ್‌ವೆಲ್ ಮಹಾಶಯ. ಅಷ್ಟರೊಳಗೆ ಕೀರ್ತಿಯು ಮತ್ತೊಬ್ಬನ ಪಾಲಾಗಿದ್ದಿತು. ಪೆಟ್ಟಿಗೆಯಲ್ಲಿಟ್ಟ ವಿದ್ಯೆಗೆ ಲೋಕವು ಹೊಣೆಯಲ್ಲ.

ಆ ಮತ್ತೊಬ್ಬನು ಜರ್ಮನಿಯ ಒಬ್ಬ ಉಪಾಧ್ಯಾಯ. ಗೇಯಾರ್ಗ್ ಸೈಮನ್ ಓಮ್ ಎಂಬುದು ಅವನ ಹೆಸರು. 1789ರಲ್ಲಿ ಎರ್ಲಾಂಗೆನ್ ಎಂಬ ಊರಿನಲ್ಲಿ ಬೀಗಗಳನ್ನು ಮಾಡುವ ಕುಶಲಕರ್ಮಿಯೊಬ್ಬನ ಮಗನಾಗಿ ಹುಟ್ಟಿದನು. ತಂದೆಯು ಸ್ವಪ್ರಯತ್ನದಿಂದಲೇ ಗಣಿತವನ್ನು ಕಲಿತು ಮಕ್ಕಳಿಗೆ ತಾನೇ ಪಾಠ ಹೇಳಿದನು. ಮಗನು 1817ರಲ್ಲಿ ಕೊಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿಸುವ ಉದ್ಯೋಗಕ್ಕೆ ಸೇರಿದನು. ಆ ಶಾಲೆಯಲ್ಲಿ ಉಪಕರಣಗಳ ಕೊಠಡಿಯೊಂದಿದ್ದಿತು. ಪಾಠ ಮುಗಿದ ಮೇಲೆ ಓಮನಿಗೆ ಅದೇ ತಪೋವನ.

ಅವನು ಮಾಡಿದ ಪ್ರಯೋಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬೇರೆಬೇರೆ ಉದ್ದದ ತಂತಿಗಳ ಮೂಲಕ ಒಂದೇ ಮೂಲದಿಂದ ವಿದ್ಯುತ್ತನ್ನು ಹರಿಯಿಸಿ, ಪ್ರತಿಯೊಂದರಲ್ಲಿಯೂ ಪ್ರವಾಹವೆಷ್ಟು ಎಂದು ನೋಡುವುದು ಅವನ ಸಂಕಲ್ಪ. ಮೊದಲು ಅವನು ಆಮ್ಲದಲ್ಲಿ ಲೋಹಗಳನ್ನು ಅದ್ದಿ ಮಾಡುವ ವಿದ್ಯುತ್ಕೋಶಗಳನ್ನು ಬಳಸಿದನು. ಅವುಗಳ ಒತ್ತಡವು ಗಳಿಗೆಗೊಂದು ತೆರನಾಗಿ ಇಳಿಯುತ್ತಿದ್ದುದರಿಂದ ಲೆಕ್ಕವು ಕೆಟ್ಟು, 1825ರಲ್ಲಿ ಅವನು ಪ್ರಕಟಿಸಿದ ಮೊದಲನೆಯ ಸೂತ್ರವು ತಪ್ಪಾಯಿತು. ಆಗ ಪಗ್ಗೆಂಡಾರ್ಫ್ ಎಂಬ ಪತ್ರಿಕಾಸಂಪಾದಕನು ಒಂದು ಸಲಹೆಯನ್ನಿತ್ತನು. ಎರಡು ಭಿನ್ನ ಲೋಹಗಳನ್ನು ಬೆಸೆದು ಒಂದು ಬೆಸುಗೆಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ಪ್ರವಾಹವು ಹುಟ್ಟುವುದೆಂದು ಸೀಬೆಕ್ ಎಂಬವನು 1821ರಲ್ಲಿ ಕಂಡುಹಿಡಿದಿದ್ದನು. ಓಮನು ಬಿಸ್ಮತ್ತನ್ನೂ ತಾಮ್ರವನ್ನೂ ಬೆಸೆದು, ಒಂದು ತುದಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲಿಯೂ ಇರಿಸಿದನು. ಕುದಿಯುವ ನೀರಿನ ಕಾವೂ ಕರಗುವ ಮಂಜಿನ ತಂಪೂ ಬದಲಾಗವು. ಆದುದರಿಂದ ಒತ್ತಡವೂ ಬದಲಾಗದು. ಪ್ರವಾಹದ ಪ್ರಮಾಣವನ್ನು ತೂಗಿಬಿಟ್ಟ ಅಯಸ್ಕಾಂತದ ಸೂಜಿಯು ಎಷ್ಟು ತಿರುಚಿಕೊಳ್ಳುವುದೆಂಬುದರಿಂದ ಅಳೆದನು. ಈ ಸಲ ಅಂಕೆಗಳು ಒಂದಕ್ಕೊಂದು ಹೊಂದಿಕೊಂಡವು.

ದೊರೆತ ನಿಯಮವನ್ನು ಪಾಠಶಾಲೆಯ ಭಾಷೆಯಲ್ಲಿಯೇ ಹೇಳಬಹುದು. ಒಂದೇ ತಂತಿಯಲ್ಲಿ ಒತ್ತಡ ಹೆಚ್ಚಿದಷ್ಟು ಪಟ್ಟು ಪ್ರವಾಹವೂ ಹೆಚ್ಚುವುದು, ಇದು ತ್ರೈರಾಶಿಕ. ಒಂದೇ ಒತ್ತಡದಲ್ಲಿ ರೋಧ ಹೆಚ್ಚಿದಷ್ಟು ಪಟ್ಟು ಪ್ರವಾಹವು ಕುಗ್ಗುವುದು. ಇದು ವ್ಯಸ್ತ ತ್ರೈರಾಶಿಕ. 10 ವೋಲ್ಟುಗಳಿಗೆ 2 ಆಂಪೇರುಗಳಾದರೆ 25 ವೋಲ್ಟುಗಳಿಗೆ ಎಷ್ಟು? ಪ್ರಮಾಣ 10, ಫಲ 2, ಇಚ್ಛೆ 25. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 5 ಆಂಪೇರು. ಎರಡು ಸಂದರ್ಭಗಳಲ್ಲಿಯೂ ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ಬರುವ ಸಂಖ್ಯೆ 5. ಈ ಬದಲಾಗದ ಭಾಗಲಬ್ಧವೇ ಆ ತಂತಿಯ ರೋಧ, 5 ಓಮು. 1150ರಲ್ಲಿ ಲೀಲಾವತಿಯನ್ನು ರಚಿಸಿದ ಭಾಸ್ಕರಾಚಾರ್ಯರು ಗಣಿತದ ಬಹುಭಾಗಕ್ಕೆ ತ್ರೈರಾಶಿಕವೇ ಮೂಲವೆಂದು ತಿಳಿದಿದ್ದರು. ಅದೇ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಇಷ್ಟರಿಂದ ವಿದ್ಯುಚ್ಛಾಸ್ತ್ರವು ಪ್ರಾಚೀನರಿಗೆ ತಿಳಿದಿತ್ತೆಂದು ಹೇಳಹೊರಡುವುದು ಹುಚ್ಚುತನ. ಆದರೆ ಭತ್ತದ ಬೆಲೆಯನ್ನು ಲೆಕ್ಕ ಹಾಕಬಲ್ಲವನು ಓಮನ ನಿಯಮಕ್ಕೆ ಅಂಜಬೇಕಾದುದಿಲ್ಲವೆಂಬುದು ಮಾತ್ರ ನಿಜ.

1827ರಲ್ಲಿ ಬರ್ಲಿನ್ ನಗರದಲ್ಲಿ ಓಮನ ಗ್ರಂಥವು ಪ್ರಕಟವಾಯಿತು. ಅದಕ್ಕೆ ದೊರೆತ ಸ್ವಾಗತವು ಅತ್ಯಂತ ನೀರಸ. ಭೌತಶಾಸ್ತ್ರವನ್ನು ಗಣಿತದಿಂದ ಕಟ್ಟುವ ಪದ್ಧತಿಯು ಅಲ್ಲಿಯ ಪಂಡಿತರಿಗೆ ರುಚಿಸಲಿಲ್ಲ. ವಿಮರ್ಶಕರು ಗ್ರಂಥವನ್ನು ಹಳಿದರು. ವಿಶ್ವವಿದ್ಯಾನಿಲಯದಲ್ಲಿ ಪೀಠವನ್ನು ಬಯಸಿದ್ದವನು ಕೊಲೋನಿನ ಉದ್ಯೋಗವನ್ನೂ ಬಿಟ್ಟು ಕೆಲವು ವರ್ಷ ಅಭದ್ರವಾಗಿ ಕಾಲ ಕಳೆಯಬೇಕಾಯಿತು. 1833ರಲ್ಲಿ ನ್ಯೂರೆಂಬರ್ಗಿನ ಶಿಲ್ಪವಿದ್ಯಾಶಾಲೆಯಲ್ಲಿ ಕೆಲಸ ದೊರೆಯಿತು. 1841ರಲ್ಲಿ ಲಂಡನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನು ಕೊಟ್ಟು ಗೌರವಿಸಿದ ತರುವಾಯವೇ ಸ್ವದೇಶದವರ ಕಣ್ಣು ತೆರೆಯಿತು. 1852ರಲ್ಲಿ ಮ್ಯೂನಿಕ್ಕಿನಲ್ಲಿ ಪ್ರಾಧ್ಯಾಪಕ ಪೀಠವು ದೊರೆತಾಗ ಅವನ ವಯಸ್ಸು ಅರವತ್ತನ್ನು ದಾಟಿದ್ದಿತು. ಎರಡು ವರ್ಷಗಳಲ್ಲಿ ತೀರಿಕೊಂಡನು. ರೋಧದ ಮಾನಕ್ಕೆ ಅವನ ಹೆಸರನ್ನಿಟ್ಟುದು 1881ರ ಪ್ಯಾರಿಸ್ ಸಮ್ಮೇಳನದಲ್ಲಿ. ವೋಲ್ಟು, ಆಂಪೇರುಗಳೂ ಅಲ್ಲಿಯೇ ಅಂಗೀಕೃತವಾದವು. ವ್ಯಾಟು ಎಂಬ ಮಾನವನ್ನು ಮರುವರ್ಷ ವಿಲಿಯಂ ಸೀಮೆನ್ಸ್ ಸೂಚಿಸಿದನು. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟು.

ಇನ್ನು ಸಾಮರ್ಥ್ಯದ ಲೆಕ್ಕ. ಸ್ಯಾಲ್ಫರ್ಡಿನ ಬಿಯರು ತಯಾರಕನೊಬ್ಬನ ಮಗನಾದ ಜೇಮ್ಸ್ ಪ್ರೆಸ್ಕಟ್ ಜೂಲನು 1840ರಲ್ಲಿ, ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ತಂತಿಯನ್ನು ನೀರಿನಲ್ಲಿ ಮುಳುಗಿಸಿ ವಿದ್ಯುತ್ತನ್ನು ಹರಿಯಿಸಿ ನೀರು ಎಷ್ಟು ಕಾಯುವುದೆಂದು ಅಳೆದನು. ಪ್ರವಾಹವನ್ನು ಇಮ್ಮಡಿ ಮಾಡಿದರೆ ಕಾವು ಇಮ್ಮಡಿಯಾಗಲಿಲ್ಲ, ನಾಲ್ಮಡಿಯಾಯಿತು. ಮುಮ್ಮಡಿ ಮಾಡಿದರೆ ಒಂಬತ್ತು ಮಡಿಯಾಯಿತು. ಎಂದರೆ ತಂತಿಯಲ್ಲಿ ಕಾವಾಗಿ ಹೋಗುವ ಸಾಮರ್ಥ್ಯವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಇದು ಓಮನ ನಿಯಮದಿಂದಲೂ ಸಿದ್ಧಿಸುತ್ತದೆ. ಸಾಮರ್ಥ್ಯವು ಒತ್ತಡ ಪ್ರವಾಹಗಳ ಗುಣಲಬ್ಧ. ಒತ್ತಡವಾದರೋ ಪ್ರವಾಹ ರೋಧಗಳ ಗುಣಲಬ್ಧ. ಎರಡನ್ನೂ ಕೂಡಿಸಿ ನೋಡಿದರೆ ಪ್ರವಾಹವು ಎರಡು ಸಲ ಬರುತ್ತದೆ. ಹೀಗೆ ಒತ್ತಡ ಪ್ರವಾಹಗಳೆಂಬ ಎರಡು ಅಂಕೆಗಳು ಕೈಯಲ್ಲಿದ್ದರೆ ಸಾಕು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ. ವಿದ್ಯುದ್ಗಣಿತದ ಬೀಜವೆಲ್ಲವೂ ಇಷ್ಟೆ. ಇದರಲ್ಲಿ ‘ವರ್ಗ’ವೆಂಬ ಒಂದು ಶಬ್ದವನ್ನು ವಾಚಕರು ಮರೆಯಬಾರದು. ಶಿವನಸಮುದ್ರದ ಅಳಿವು ಉಳಿವು ಆ ಶಬ್ದದಲ್ಲಿದ್ದಿತು.

ವಿದ್ಯುತ್ತನ್ನು ದೂರ ಕಳುಹಿಸಲು ಹೊರಟ ಮೊದಲಿಗರು ಈ ವರ್ಗದ ಪೆಟ್ಟನ್ನು ಚೆನ್ನಾಗಿಯೇ ತಿಂದರು. 1882ರಲ್ಲಿ ಎಡಿಸನ್ ಮಹಾಶಯನು ನ್ಯೂಯಾರ್ಕಿನಲ್ಲಿ ದೀಪಗಳನ್ನು ಹೊತ್ತಿಸಿದಾಗ ಒತ್ತಡವು ಸುಮಾರು 110 ವೋಲ್ಟು. ಅಲ್ಪ ಒತ್ತಡಕ್ಕೆ ಅಧಿಕ ಪ್ರವಾಹ ಬೇಕು, ಅಧಿಕ ಪ್ರವಾಹಕ್ಕೆ ದಪ್ಪ ತಾಮ್ರ ಬೇಕು. ಆದುದರಿಂದ ಆಗಾರದಿಂದ ಒಂದು ಮೈಲಿಯ ಆಚೆಗೆ ಬೆಳಕನ್ನು ಒಯ್ಯುವುದು ಲಾಭದಾಯಕವಾಗಲಿಲ್ಲ. ಅದೇ ವರ್ಷ ಡಪ್ರೇ ಎಂಬ ಫ್ರೆಂಚನು ಮೀಸ್‌ಬಾಕಿನಿಂದ ಮ್ಯೂನಿಕ್ಕಿಗೆ, 57 ಕಿಲೋಮೀಟರು ದೂರ, ತಂತಿ ವರ್ತಮಾನದ ತೆಳುವಾದ ತಂತಿಯ ಮೇಲೆ ಸುಮಾರು 2,000 ವೋಲ್ಟುಗಳಲ್ಲಿ ವಿದ್ಯುತ್ತನ್ನು ಕಳುಹಿಸಿದನು. ಅದು ಮುಟ್ಟಿತೇನೋ ನಿಜ, ಆದರೆ ಬಹುಪಾಲು ದಾರಿಯಲ್ಲಿಯೇ ನಷ್ಟವಾಯಿತು. 1885ರಲ್ಲಿ ಬುಡಾಪೆಸ್ಟಿನಲ್ಲಿ ಉಪಯುಕ್ತವಾದ ಪರಿವರ್ತಕವು, ಎಂದರೆ ಈಗ ಹಳ್ಳಿಹಳ್ಳಿಯ ಕಂಬದಲ್ಲಿ ಕಾಣುವ ಟ್ರಾನ್ಸ್‌ಫಾರ್ಮರು, ಸಿದ್ಧವಾದ ಮೇಲೆಯೇ ದಾರಿ ತೆರೆಯಿತು. ಅದು ಒತ್ತಡವನ್ನು ಏರಿಸಿ ಪ್ರವಾಹವನ್ನು ಇಳಿಸಬಲ್ಲುದು. ದೂರದ ತುದಿಯಲ್ಲಿ ಮತ್ತೆ ಒತ್ತಡವನ್ನು ಇಳಿಸಿ ಪ್ರವಾಹವನ್ನು ಏರಿಸಬಲ್ಲುದು. 1896ರಲ್ಲಿ ನಯಾಗರ ಜಲಪಾತದ ವಿದ್ಯುತ್ತು 26 ಮೈಲಿ ದೂರದ ಬಫಲೊ ನಗರಕ್ಕೆ ಹೋಯಿತು.

ಮೈಸೂರಿನವರು ಹಂಬಲಿಸಿದುದು ಇದರ ಮೂರೂವರೆ ಪಟ್ಟು ದೂರವನ್ನು. ಕೋಲಾರದ ಗಣಿಗಳಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿಯವರು ಉಗಿಯಂತ್ರಗಳನ್ನು ನಡೆಸುತ್ತಿದ್ದರು. ಸೌದೆಯು ಸುತ್ತಲಿನ ಕಾಡುಗಳಿಂದ ಬರಬೇಕು, ಕಲ್ಲಿದ್ದಲು ಬಹುದೂರದಿಂದ ಬರಬೇಕು; ಗಣಿ ಆಳವಾದಂತೆ ಖರ್ಚೂ ಆಳವಾಗುತ್ತಿದ್ದಿತು. ಇತ್ತ ಕಾವೇರಿಯು ಗಗನಚುಕ್ಕಿ ಭರಚುಕ್ಕಿಗಳಲ್ಲಿ ನಿತ್ಯವೂ ವ್ಯರ್ಥವಾಗಿ ಧುಮುಕುತ್ತಿದ್ದಳು. ಸಂಸ್ಥಾನದ ಡೆಪ್ಯುಟಿ ಚೀಫ್ ಎಂಜಿನಿಯರಾಗಿದ್ದ ಕ್ಯಾಪ್ಟನ್ ಜೋಲಿ ದ ಲಾಟ್‌ಬಿನಿಯರನು 1899ರಲ್ಲಿ ಯೂರೋಪನ್ನೂ ಅಮೆರಿಕವನ್ನೂ ಸುತ್ತಿ, ನಯಾಗರವನ್ನು ನೋಡಿ, ತಜ್ಞರನ್ನು ಕಂಡು ಬಂದನು. ವಿದ್ಯುದ್ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದಲೂ, ಜಲಚಕ್ರಗಳನ್ನು ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪೆನಿಯಿಂದಲೂ ತರಿಸುವುದೆಂದಾಯಿತು. ಗಣಿಗಳಿಗೆ ಸುಮಾರು 4,000 ಅಶ್ವಶಕ್ತಿಯನ್ನು ಒದಗಿಸುವುದು ಕರಾರು. ಆಗ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯಭಾರ ಮಾಡುತ್ತಿದ್ದ ಕಾಲ.

ಈಗ ಲೆಕ್ಕವನ್ನು ನೋಡಬಹುದು. 4,000 ಅಶ್ವಶಕ್ತಿಯೆಂದರೆ 746ರಿಂದ ಗುಣಿಸಲಾಗಿ 29,84,000 ವ್ಯಾಟು; ಸುಲಭಕ್ಕಾಗಿ ಮೂವತ್ತು ಲಕ್ಷವೆನ್ನಬಹುದು. ಶಿವನಸಮುದ್ರದಲ್ಲಿ ತಂತಿಗೆ ಏರಿಸಿದ ಒತ್ತಡ 35,000 ವೋಲ್ಟು. ಅದರಲ್ಲಿ ಏಳರಲ್ಲೊಂದು ಪಾಲು, ಎಂದರೆ 5,000 ವೋಲ್ಟು, ದಾರಿಯಲ್ಲಿ ಕುಗ್ಗಿ ಕೋಲಾರದಲ್ಲಿ 30,000 ಉಳಿಯಿತೆಂದು ಲೆಕ್ಕಕ್ಕಾಗಿ ಹಿಡಿದರೆ, ಮೂವತ್ತು ಲಕ್ಷವನ್ನು ಮೂವತ್ತು ಸಾವಿರದಿಂದ ಭಾಗಿಸಲು ಪ್ರವಾಹ 100 ಆಂಪೇರು. ದಾರಿಯ ರೋಧ 5,000ವನ್ನು 100ರಿಂದ ಭಾಗಿಸಿದಷ್ಟು, 50 ಓಮು. ದಾರಿಯಲ್ಲಿ ಕಾವಾಗಿ ಹೋದ ಸಾಮರ್ಥ್ಯ 100ರ ವರ್ಗವನ್ನು 50ರಿಂದ ಗುಣಿಸಿದಷ್ಟು, ಐದು ಲಕ್ಷ ವ್ಯಾಟು. ಹೊರಟದ್ದು ಮೂವತ್ತೈದು ಲಕ್ಷ, ಮುಟ್ಟಿದ್ದು ಮೂವತ್ತು ಲಕ್ಷ. ವಾಸ್ತವದಲ್ಲಿ ಅದು ಮೂರು ತಂತಿಗಳ ಪರ್ಯಾಯ ಪ್ರವಾಹವಾದುದರಿಂದ ಒಂದೊಂದು ತಂತಿಯ ಅಂಕೆ ಬೇರೆಯಾಗುವುದು. ಇಲ್ಲಿ ಎರಡು ತಂತಿಗಳ ಸರಳ ಪ್ರವಾಹದಂತೆ ಎಣಿಸಿರುವುದು ತತ್ತ್ವವು ತಿಳಿಯಲೆಂದು. ಆಗಾರದಲ್ಲಿ ತಲಾ 720 ಕಿಲೋವ್ಯಾಟುಗಳ ಆರು ಯಂತ್ರಗಳನ್ನು ನಿಲ್ಲಿಸಿದ್ದರು. ಅವುಗಳಲ್ಲಿ ಐದು ನಡೆದರೆ ಮೂವತ್ತಾರು ಲಕ್ಷ ವ್ಯಾಟು. ಆರನೆಯದು ಏತಕ್ಕಾಗಿ ಇದ್ದಿತೆಂಬುದನ್ನು ವಾಚಕರೇ ಊಹಿಸಬಹುದು.

ಒತ್ತಡವನ್ನು ಅರ್ಧಕ್ಕೆ ಇಳಿಸಿ, 17,500 ವೋಲ್ಟುಗಳಿಂದ ಇದೇ ತಂತಿಯ ಮೇಲೆ ಇಷ್ಟೇ ಸಾಮರ್ಥ್ಯವನ್ನು ಕಳುಹಿಸಬಹುದಾಗಿತ್ತೆ? ಪ್ರವಾಹವು ಇಮ್ಮಡಿಯಾಗಬೇಕು, ನಷ್ಟವು ನಾಲ್ಮಡಿಯಾಗಬೇಕೆಂದು ಮೊದಲ ನೋಟಕ್ಕೆ ತೋರುವುದು. ನಿಜವು ಇನ್ನೂ ಕಠಿನ. ಪ್ರವಾಹ ಹೆಚ್ಚಿದಂತೆ ಒತ್ತಡದ ಕುಗ್ಗೂ ಹೆಚ್ಚಿ, ಅದನ್ನು ತುಂಬಲು ಪ್ರವಾಹವನ್ನು ಮತ್ತೂ ಹೆಚ್ಚಿಸಬೇಕಾಗಿ, ಕಡೆಗೆ ಒಂದು ಮಿತಿ ಬರುತ್ತದೆ. 50 ಓಮಿನ ದಾರಿಯಲ್ಲಿ 17,500 ವೋಲ್ಟುಗಳಿಂದ ಮುಟ್ಟಿಸಬಹುದಾದ ಪರಮಾವಧಿಯು ಹದಿನೈದು ಲಕ್ಷ ವ್ಯಾಟುಗಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಷ್ಟು ಮುಟ್ಟುವಾಗ ಅಷ್ಟೇ ದಾರಿಯಲ್ಲಿ ಸುಟ್ಟುಹೋಗಿರುತ್ತದೆ. ಆಗಾರದಲ್ಲಿ ಎಷ್ಟು ಯಂತ್ರಗಳನ್ನು ನಿಲ್ಲಿಸಿದರೂ ಕರಾರಿನ ಅರ್ಧವನ್ನು ದಾಟುವುದು ಕಷ್ಟವಾಗುತ್ತಿದ್ದಿತು. ನಷ್ಟವು ಏಳರಲ್ಲೊಂದರಷ್ಟೇ ಇರಲಿ, ಒತ್ತಡವು ಮನೆದೀಪದ 220 ವೋಲ್ಟುಗಳಷ್ಟೇ ಇರಲಿ ಎಂದರೆ ತಾಮ್ರದ ತೂಕವನ್ನು ಇಪ್ಪತ್ತೈದು ಸಾವಿರ ಪಟ್ಟು ಹೆಚ್ಚಿಸಬೇಕು. ಆ ತಾಮ್ರವನ್ನು ಕೊಳ್ಳಲು ಕೋಲಾರದ ಚಿನ್ನವೆಲ್ಲ ಸಾಲುತ್ತಿತ್ತೋ ಇಲ್ಲವೋ!

ಹಾಗಾದರೆ ಒತ್ತಡವನ್ನು ಲಕ್ಷ ವೋಲ್ಟುಗಳಿಗೆ ಏಕೆ ಏರಿಸಲಿಲ್ಲವೆಂದರೆ, ತಂತಿಯನ್ನು ಕಂಬದಿಂದ ಪ್ರತ್ಯೇಕಿಸುವ ಪಿಂಗಾಣಿಯ ಬಟ್ಟಲುಗಳು ಆ ಕಾಲಕ್ಕೆ ಅಷ್ಟನ್ನು ತಡೆಯುವಂತಿರಲಿಲ್ಲ. ಕರಗುವ ಹಣ ಒಂದು ಕಡೆ, ಸಿಡಿಯುವ ಪಿಂಗಾಣಿ ಇನ್ನೊಂದು ಕಡೆ; ಎರಡರ ನಡುವೆ ಹಿಡಿದ ಅಂಕೆಯೇ 35,000. ಇದು ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದ ತಂತಿಯೆಂದು ಇಲ್ಲಿಯ ಕೆಲವು ಲೇಖಕರು ಅಭಿಮಾನದಿಂದ ಬರೆಯುವುದುಂಟು. ಹಾಗಲ್ಲ. 1901ರಲ್ಲಿಯೇ ಕ್ಯಾಲಿಫೋರ್ನಿಯದ ಕಾಲ್ಗೇಟಿನಿಂದ ಓಕ್ಲೆಂಡಿಗೆ 142 ಮೈಲಿಗಳ ತಂತಿಯು ನಡೆಯುತ್ತಿದ್ದಿತು. ಭರತಖಂಡದ ಮೊದಲನೆಯ ಜಲವಿದ್ಯುತ್ತೂ ಶಿವನಸಮುದ್ರದ್ದಲ್ಲ. 1897ರಲ್ಲಿ ಡಾರ್ಜಿಲಿಂಗಿನ ಬಳಿಯ ಸಿದ್ರಾಪೊಂಗಿನಲ್ಲಿ 130 ಕಿಲೋವ್ಯಾಟಿನ ಪುಟ್ಟ ಆಗಾರವು ಹುಟ್ಟಿದ್ದಿತು. ಈ ಎರಡನ್ನು ಒಪ್ಪಿಕೊಂಡರೂ ಮೈಸೂರಿನ ಹಿರಿಮೆಗೆ ಕುಂದಿಲ್ಲ. ದೇಶದಲ್ಲಿ ಯಾರೂ ಮಾಡದಿದ್ದ ಪ್ರಮಾಣದ ಕಾರ್ಯಕ್ಕೆ ಒಂದು ದೇಶೀಯ ಸಂಸ್ಥಾನವು, ಕಾಗದದ ಮೇಲಿನ ಲೆಕ್ಕವೊಂದನ್ನು ನಂಬಿ, ಪ್ರಜೆಗಳ ಹಣವನ್ನು ತೊಡಗಿಸಿತು. ಶೇಷಾದ್ರಿ ಅಯ್ಯರ್ ಅವರು ಅದರ ಫಲವನ್ನು ಕಾಣಲಿಲ್ಲ. 1901ರಲ್ಲಿ ಅಧಿಕಾರವನ್ನು ಬಿಟ್ಟು, ಅದೇ ವರ್ಷ ಕಾಲವಾದರು.

ಜಲಪಾತದ ಎತ್ತರದಲ್ಲಿಯೂ ಇದೇ ಗುಣಾಕಾರವಿದೆ. ಅಲ್ಲಿ ನೀರಿಗೆ ದೊರೆಯುವ ಇಳಿತ ಸುಮಾರು 400 ಅಡಿ. ಸೆಕೆಂಡಿಗೆ ಒಂದು ಘನ ಅಡಿ ನೀರು ಅಷ್ಟು ಎತ್ತರದಿಂದ ಬಿದ್ದರೆ, ನಷ್ಟವನ್ನು ಬಿಟ್ಟು, 45 ಅಶ್ವಶಕ್ತಿಯಾಗುತ್ತದೆ. ಅಷ್ಟೇ ನೀರು ಐದಡಿಯ ಕುಂಟೆಯ ತೂಬಿನಿಂದ ಹರಿದರೆ ಒಂದು ಅಶ್ವಶಕ್ತಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅಂದಹಾಗೆ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯು ಅರ್ಕಾವತಿಯನ್ನು ಸೇರಿ, ಅರ್ಕಾವತಿಯು ಸಂಗಮದಲ್ಲಿ ಕಾವೇರಿಗೆ ಕೂಡುವುದು ಶಿವನಸಮುದ್ರದಿಂದ ಕೆಳಗೆ. ನೆಲಮಂಗಲದ ಸೀಮೆಯಿಂದ ಆ ದಾರಿಯಲ್ಲಿ ಹರಿದುಹೋಗುವ ನೀರು ಅಲ್ಲಿಯ ಚಕ್ರಗಳನ್ನು ಎಂದೂ ತಿರುಗಿಸಿದುದಿಲ್ಲ. ಕಾವೇರಿಯ ವಿದ್ಯುತ್ತು ಮಾತ್ರ ತಂತಿಯ ದಾರಿಯಲ್ಲಿ ಉತ್ತರಾಭಿಮುಖವಾಗಿ ಬಂದಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿದವು. ಮೈಸೂರು ನಗರಕ್ಕೆ 1908ರಲ್ಲಿ ಬೆಳಕು ಬಂದಿತು. ಬೇಸಗೆಯಲ್ಲಿ ನದಿ ಬತ್ತಿ ಗಣಿಗಳ ಯಂತ್ರ ನಿಲ್ಲಬಾರದೆಂಬುದು 1911ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸಲು ಒಂದು ಮುಖ್ಯ ಕಾರಣ. ತರುವಾಯ 1940ರಲ್ಲಿ ಶಿಂಷಾ, ಆ ದಶಕದ ಕೊನೆಯಲ್ಲಿ ಜೋಗ, ಮುಂದೆ ಶರಾವತಿ. ಕೋಲಾರದ ಗಣಿಗಳನ್ನು 2001ರಲ್ಲಿ ಮುಚ್ಚಲಾಯಿತು. ಯಾವ ಚಿನ್ನಕ್ಕಾಗಿ ತಂತಿಯನ್ನು ಎಳೆದರೋ ಅದು ಮುಗಿಯಿತು, ತಂತಿಯ ಸಂತತಿ ಬೆಳೆಯಿತು.

ಶಬ್ದಗಳ ವಿಷಯವಾಗಿ ಒಂದು ಮಾತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಬೆಂಗಳೂರಿನಿಂದ ಹೊರಡಿಸಿ, ಇಂಥ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದರು. ಪತ್ರಿಕೆಯು ಎರಡು ವರ್ಷ ನಡೆದು ನಿಂತಿತು. ಶಕ್ತಿ, ಸಾಮರ್ಥ್ಯ ಎಂಬೆರಡು ಶಬ್ದಗಳನ್ನು ಕಲಸಿಬಿಡುವ ರೂಢಿ ಇಂದಿಗೂ ಹೋಗಿಲ್ಲ. ವ್ಯಾಟು ಕೆಲಸದ ವೇಗವನ್ನು ಹೇಳುತ್ತದೆ. ಮನೆಯ ವಿದ್ಯುತ್ ಬಿಲ್ಲಿನಲ್ಲಿರುವ ‘ಯೂನಿಟ್’ ಒಟ್ಟು ಕೆಲಸವನ್ನು ಹೇಳುತ್ತದೆ. ಸಾವಿರ ವ್ಯಾಟಿನ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್. ನೀರಿನ ಕೊಳಾಯಿಯ ರಭಸ ಬೇರೆ, ತುಂಬಿದ ಹಂಡೆಗಳ ಎಣಿಕೆ ಬೇರೆಯಲ್ಲವೆ?

ಅರಿಶಿನಕುಂಟೆಯ ಮನೆಗಳಿಗೆ ನಿಯಮದ ಪ್ರಕಾರ ಬರಬೇಕಾದ ಒತ್ತಡ 230 ವೋಲ್ಟು. ನೀರು ಕಾಯಿಸುವ ಸಾವಿರ ವ್ಯಾಟಿನ ಹೀಟರು ಆ ಒತ್ತಡದಲ್ಲಿ ಸುಮಾರು 4.35 ಆಂಪೇರುಗಳನ್ನು ಎಳೆಯುತ್ತದೆ. ಭಾಗಿಸಿದರೆ ಅದರ ರೋಧ ಸುಮಾರು 53 ಓಮು. ಸಂಜೆ ಒತ್ತಡವು 200 ವೋಲ್ಟುಗಳಿಗೆ ಇಳಿದರೆ ರೋಧ ಬದಲಾಗದು, ಪ್ರವಾಹ ಇಳಿಯುತ್ತದೆ, ಸಾಮರ್ಥ್ಯವು 756 ವ್ಯಾಟುಗಳಿಗೆ ಬೀಳುತ್ತದೆ. ಒತ್ತಡ ಕುಗ್ಗಿದ್ದು ಎಂಟರಲ್ಲೊಂದಕ್ಕೆ ಹತ್ತಿರ. ಕಾವು ಕುಗ್ಗಿದ್ದು ನಾಲ್ಕರಲ್ಲೊಂದಕ್ಕೆ ಹತ್ತಿರ. ವರ್ಗದ ಮಹಿಮೆ! ಎಳೆಬುರುಡೆಯ ದೀಪವು ಮಾತ್ರ ಈ ಸರಳ ಲೆಕ್ಕಕ್ಕೆ ಒಳಪಡುವುದಿಲ್ಲ. ತಣ್ಣಗಿರುವಾಗ ಅದರ ಎಳೆಯ ರೋಧವು ಕಾದಾಗಿನ ರೋಧದ ಹತ್ತರಲ್ಲೊಂದರಷ್ಟು ಮಾತ್ರ. ಸ್ವಿಚ್ಚನ್ನು ಒತ್ತಿದ ಕ್ಷಣದಲ್ಲಿ ನುಗ್ಗುವ ಪ್ರವಾಹಕ್ಕೆ ಹಳೆಯ ದೀಪಗಳು ಬಲಿಯಾಗುತ್ತಿದ್ದುದು ಅದರಿಂದಲೇ.

ಕೊಳವೆಬಾವಿಯ ಮೋಟಾರಿನ ವರ್ತನೆ ಹೀಟರಿಗೆ ವಿರುದ್ಧ. ಒತ್ತಡ ಕುಗ್ಗಿದರೆ ಹೀಟರು ಸುಮ್ಮನೆ ಕಡಮೆ ಕಾಯುತ್ತದೆ. ಮೋಟಾರಾದರೋ ಪಾತಾಳದಿಂದ ಎತ್ತಬೇಕಾದ ನೀರಿನ ಭಾರವನ್ನು ಬಿಡಲಾರದೆ, ಕುಗ್ಗಿದ ಒತ್ತಡವನ್ನು ಹೆಚ್ಚಿನ ಪ್ರವಾಹದಿಂದ ತುಂಬಿಕೊಳ್ಳಲೆಳಸುತ್ತದೆ. 415 ವೋಲ್ಟು ಬರಬೇಕಾದಲ್ಲಿ ಐದರಲ್ಲೊಂದು ಪಾಲು ಕುಗ್ಗಿ 332 ಬಂದರೆ, ಪ್ರವಾಹವು ಒಂದೂಕಾಲು ಪಟ್ಟಾಗಬೇಕು. ಸುರುಳಿಯ ಕಾವು ಅದರ ವರ್ಗದಂತೆ ಒಂದೂವರೆ ಪಟ್ಟನ್ನು ಮೀರುತ್ತದೆ. ಹೊದಿಕೆಯ ಅರಗು ಬೆಂದು, ಸುರುಳಿ ಸುಟ್ಟು, ಹೊಸದಾಗಿ ಸುತ್ತಿಸುವ ಖರ್ಚು ರೈತನ ತಲೆಗೆ ಬರುತ್ತದೆ. ಅಷ್ಟರಲ್ಲಿ ಪೈರು ಒಣಗಿರುತ್ತದೆ. ಹೆಚ್ಚಿನ ಪ್ರವಾಹ ಬಂದಾಗ ತಾನಾಗಿ ನಿಲ್ಲಿಸುವ ಸಾಧನವು ಸ್ಟಾರ್ಟರಿನಲ್ಲಿಯೇ ಇದೆ. ಪದೇಪದೇ ನಿಲ್ಲುತ್ತದೆಂದು ಅದನ್ನು ಕಟ್ಟಿಹಾಕುವವರುಂಟು. ಅದು ಕಾವಲುನಾಯಿಯು ಬೊಗಳುತ್ತದೆಂದು ಅದರ ಬಾಯಿ ಕಟ್ಟಿದಂತೆ. ಅಕ್ಕಪಕ್ಕದ ತೋಟಗಳೆಲ್ಲ ಮೂರು ಫೇಸ್ ಬಂದ ಗಳಿಗೆಯಲ್ಲಿಯೇ ಮೋಟಾರುಗಳನ್ನು ಹಾಕಿದರೆ ತಂತಿಯ ಪ್ರವಾಹ ಏರಿ, ತುದಿಯವನ ಒತ್ತಡ ಇನ್ನೂ ಕುಗ್ಗುತ್ತದೆ. ಕುಗ್ಗಿದುದರಿಂದ ಪ್ರವಾಹ ಮತ್ತೂ ಏರುತ್ತದೆ. 17,500 ವೋಲ್ಟುಗಳ ಲೆಕ್ಕದಲ್ಲಿ ಕಂಡ ವಿಷಚಕ್ರವೇ ಇದು.

ಇದರ ಪರಿಹಾರವೂ ಅಲ್ಲಿಯದೇ. ಒಂದು ದೊಡ್ಡ ಟ್ರಾನ್ಸ್‌ಫಾರ್ಮರನ್ನು ಊರ ಬಳಿ ನಿಲ್ಲಿಸಿ ಅದರಿಂದ 415 ವೋಲ್ಟುಗಳ ತಂತಿಯನ್ನು ದೂರದೂರದ ಹೊಲಗಳಿಗೆ ಎಳೆಯುವುದು ಹಳೆಯ ಪದ್ಧತಿ. ಅದಕ್ಕೆ ಬದಲಾಗಿ 11,000 ವೋಲ್ಟುಗಳ ತಂತಿಯನ್ನೇ ಹೊಲದ ಅಂಚಿನವರೆಗೆ ಒಯ್ದು, ಕೆಲವೇ ಬಾವಿಗಳಿಗೆ ಒಂದರಂತೆ ಸಣ್ಣ ಟ್ರಾನ್ಸ್‌ಫಾರ್ಮರುಗಳನ್ನು ನಿಲ್ಲಿಸುವ ಪದ್ಧತಿಯನ್ನು ರಾಜ್ಯದ ವಿದ್ಯುತ್ ಕಂಪೆನಿಗಳು ಕೆಲವು ಕಡೆ ಕೈಕೊಂಡಿವೆ. ಒತ್ತಡವು ಸುಮಾರು 26 ಪಟ್ಟು ಹೆಚ್ಚಾದುದರಿಂದ ಪ್ರವಾಹವು ಅಷ್ಟೇ ಭಾಗ ಕುಗ್ಗುತ್ತದೆ. ಅದೇ ದಪ್ಪದ, ಅದೇ ಉದ್ದದ ತಂತಿಯಲ್ಲಿ ಕಾವಾಗಿ ಹೋಗುವ ನಷ್ಟವು ಏಳುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಣ್ಣ ಟ್ರಾನ್ಸ್‌ಫಾರ್ಮರುಗಳಿಗೆ ಮೊದಲ ಖರ್ಚು ಹೆಚ್ಚೆಂಬುದೇನೋ ನಿಜ. ಅದನ್ನು ಸುಟ್ಟ ಮೋಟಾರುಗಳ ಬೆಲೆಯೊಡನೆ ಹೋಲಿಸಿ ನೋಡುವುದಕ್ಕೆ ಬೇಕಾದ ಗಣಿತವು ತ್ರೈರಾಶಿಕಕ್ಕಿಂತ ಹೆಚ್ಚಿನದಲ್ಲ.